ಮೊದಲ ಮುನ್ನೂರು ರೂಪಾಯಿಯ ಹೊಸಿಲು

ಮಾಲೂರಿನ ಹೆಂಚಿನ ಕಾರ್ಖಾನೆಯೊಂದರ ಆಫೀಸಿನಲ್ಲಿ ನಾನು ಟೈಪಿಸ್ಟ್ ಆಗಿ ಸೇರಿದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಟೈಪಿಸ್ಟ್ ಅನ್ನುವುದು ಹೆಸರಿಗೆ ಮಾತ್ರ. ಸೇರಿ ಮೂರು ವಾರವಾಗಿರಲಿಲ್ಲ, ಮ್ಯಾನೇಜರು ಒಂದು ದಪ್ಪ ರಿಜಿಸ್ಟರನ್ನು ತಂದು ನನ್ನ ಮೇಜಿನ ಮೇಲಿಟ್ಟು, "ಔಷಧಿ ಬಿಲ್ಲೆಲ್ಲ ಇನ್ಮೇಲೆ ನಿಂದೇ ಕಣಮ್ಮ" ಎಂದು ತಮ್ಮ ಕೋಣೆಗೆ ಹೋಗಿಬಿಟ್ಟರು. ಮುಳಬಾಗಿಲಿನ ನಮ್ಮ ಮನೆಯಲ್ಲಿ ತಾತ, ಅಪ್ಪ, ದೊಡ್ಡಪ್ಪ ಎಲ್ಲರೂ ಊರವರ ಲೆಕ್ಕ ಬರೆದುಕೊಟ್ಟೇ ಬದುಕಿದವರು. ನನಗೂ ಲೆಕ್ಕದಲ್ಲಿ ನಾನು ಜಾಣೆ ಎಂಬ ಜಂಬವಿತ್ತು. ಅದು ಇಳಿಯಲು ಒಂದು ವರ್ಷ ಸಾಕಾಯಿತು.

ಕಾರ್ಖಾನೆಯಲ್ಲಿ ಆಗ ಒಂದು ವ್ಯವಸ್ಥೆ ಇತ್ತು. ಕೆಲಸಗಾರನಿಗೂ ಅವನ ಮನೆಯವರಿಗೂ ಕಾಯಿಲೆ ಬಂದರೆ, ವರ್ಷದಲ್ಲಿ ಮೊದಲ ಇನ್ನೂರು ರೂಪಾಯಿ ಅವನದು, ಅದರ ಮೇಲಿನದೆಲ್ಲ ಕಾರ್ಖಾನೆಯದು. ಒಬ್ಬೊಬ್ಬರಿಗೂ ಒಂದು ಹಳದಿ ಕಾರ್ಡು. ಔಷಧಿ ಅಂಗಡಿಯ ಬಿಲ್ಲು ತಂದರೆ ನಾನು ಕಾರ್ಡಿನಲ್ಲಿ ಬರೆದುಕೊಳ್ಳಬೇಕು. ಕೂಡಿಸುತ್ತಾ ಬಂದು ಇನ್ನೂರು ತಲುಪಿದ ದಿನ ಕೆಂಪು ಮೊಹರು ಒತ್ತಬೇಕು. ಕೆಲಸಗಾರರು ಇದಕ್ಕೆ ತಾವೇ ಒಂದು ಹೆಸರಿಟ್ಟುಕೊಂಡಿದ್ದರು, ಹೊಸಿಲು. "ನಿಂದು ಹೊಸ್ಲು ದಾಟ್ತೇನ್ಲಾ?" ಎಂದು ಒಬ್ಬರನ್ನೊಬ್ಬರು ಕೇಳುವುದು ಕಿಟಕಿಯ ಆಚೆಯಿಂದ ನನಗೆ ಕೇಳಿಸುತ್ತಿತ್ತು. ಮೊಹರು ಬಿದ್ದವರು ಹಬ್ಬದ ಮುಖ ಮಾಡಿಕೊಂಡು ಹೋಗುತ್ತಿದ್ದರು. ಕಾಯಿಲೆ ಬಿದ್ದವರ ಮುಖದಲ್ಲಿ ಆ ಖುಷಿ ನೋಡಿ ಮೊದಮೊದಲು ನನಗೆ ನಗು ಬರುತ್ತಿತ್ತು.

ಅವರಲ್ಲಿ ಒಬ್ಬರ ವಿಷಯ ಹೇಳಬೇಕು. ಹೆಂಚು ಸುಡುವ ಗೂಡಿಗೆ ಸೌದೆ ಹಾಕುವ ಕೆಲಸ ಅವರದು. ಹೆಸರು ಬೇಡ, ಗೂಡಿನವರು ಎನ್ನುತ್ತೇನೆ, ಕಾರ್ಖಾನೆಯಲ್ಲೂ ಹಾಗೇ ಕರೆಯುತ್ತಿದ್ದರು. ಶ್ರೀನಿವಾಸಪುರದ ಕಡೆಯವರು, ಯಲ್ದೂರಿನ ಹತ್ತಿರದ ಹಳ್ಳಿ. ಮೂವತ್ತು ದಾಟಿತ್ತು, ಮದುವೆಯಾಗಿ ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮಾತಿನ ಮಧ್ಯೆ ತೆಲುಗು ನುಸುಳುತ್ತಿತ್ತು, ಆದರೆ ಮಾತೇ ಕಡಿಮೆ. ಅವರ ಹೆಂಡತಿಗೆ ಹೊಟ್ಟೆನೋವು, ತಿಂಗಳಲ್ಲಿ ಹತ್ತು ಹನ್ನೆರಡು ದಿನ ರಕ್ತ ಹೋಗುವುದು. ಕೋಲಾರದ ಒಂದು ನರ್ಸಿಂಗ್ ಹೋಮಿನಲ್ಲಿ ಹೆಂಗಸು ಡಾಕ್ಟರಿದ್ದಾರೆಂದು ಅಲ್ಲಿಗೆ ಹೋಗಿದ್ದರು. ಗರ್ಭಕೋಶದಲ್ಲಿ ಗಡ್ಡೆಯಿದೆ, ಅದನ್ನು ಮಾತ್ರ ತೆಗೆದರೆ ಮಗುವಾಗುವ ಸಾಧ್ಯತೆ ಇದೆ, ತಡಮಾಡಬೇಡಿ ಎಂದು ಡಾಕ್ಟರು ಹೇಳಿದ್ದರು. ಇದನ್ನೆಲ್ಲ ಅವರು ನನಗೆ ಹೇಳಿದ್ದು ನೆಲ ನೋಡಿಕೊಂಡು, ಒಂದೊಂದೇ ಮಾತಾಗಿ. ಮದುವೆಯಾಗದ ಹುಡುಗಿಯ ಎದುರು ಹೇಳಬೇಕಾಯಿತಲ್ಲ ಎಂಬ ಸಂಕೋಚ ಅವರಿಗೆ. ನಾನೂ ರಿಜಿಸ್ಟರು ನೋಡಿಕೊಂಡೇ ಕೇಳಿದೆ.

ಮೇ ತಿಂಗಳಲ್ಲೇ ಅವರ ಹಳದಿ ಕಾರ್ಡಿಗೆ ಮೊಹರು ಬಿದ್ದಿತ್ತು. ಡಾಕ್ಟರ ಪರೀಕ್ಷೆ, ಗುಳಿಗೆ, ಬಸ್ಸಿನ ಓಡಾಟದಲ್ಲಿ ಬಂದ ಜ್ವರದ ಇಂಜೆಕ್ಷನ್ನು, ಎಲ್ಲ ಸೇರಿ ಇನ್ನೂರು ದಾಟಿತ್ತು. ಜೂನ್ ಕೊನೆಯ ವಾರಕ್ಕೆ ಆಪರೇಷನ್ನಿನ ದಿನ ಗೊತ್ತುಮಾಡಿದರು. ಅಷ್ಟರಲ್ಲಿ ಅವರ ತಾಯಿ ಊರಿಂದ ಬಂದು ಆಷಾಢದಲ್ಲಿ ಸೊಸೆಯ ಮೈಗೆ ಕತ್ತಿ ಹಾಕಿಸಬೇಡಿ, ಶ್ರಾವಣ ಬರಲಿ ಎಂದು ಕೂತರು. ಮಗು ಹುಟ್ಟಬೇಕೆಂದು ಮಾಡಿಸುವ ಕೆಲಸವನ್ನು ಆಷಾಢದಲ್ಲಿ ಮಾಡಿಸುತ್ತಾರೆಯೇ ಎಂಬುದು ಅವರ ವಾದ. ನಮ್ಮ ಮನೆಯಲ್ಲಾದರೂ ಇದೇ ಮಾತು ಬರುತ್ತಿತ್ತು, ಅವರನ್ನು ದೂರಲಾರೆ.

ಗೂಡಿನವರು ಕಿಟಕಿಗೆ ಬಂದು, "ಅಮ್ಮಾ, ಇಪ್ಪತ್ತೈದು ದಿನ ಮುಂದಕ್ಕೆ ಹಾಕಿದ್ರೆ ಏನಾದ್ರೂ ತೊಂದ್ರೆ ಆಗ್ತದಾ?" ಎಂದು ಕೇಳಿದರು.

"ಏನಾಗ್ತದೆ? ನಿಮ್ದು ಹೊಸಿಲು ದಾಟಿದೆಯಲ್ಲ. ಡಿಸೆಂಬರ್‌ವರೆಗೂ ಟೈಮಿದೆ" ಎಂದೆ. ಅವರು ಕೇಳಿದ್ದು ದುಡ್ಡಿನ ವಿಷಯವನ್ನೇ, ನಾನು ಹೇಳಿದ್ದೂ ಅದನ್ನೇ. ಗಡ್ಡೆಯ ಮಾತು ಆಗ ನಮ್ಮಿಬ್ಬರ ನಡುವೆ ಬರಲೇ ಇಲ್ಲ.

ಜುಲೈ ಒಂದನೇ ತಾರೀಖು ಬೆಂಗಳೂರಿನ ದೊಡ್ಡ ಆಫೀಸಿನಿಂದ ಇಂಗ್ಲಿಷಿನಲ್ಲಿ ಒಂದು ಸುತ್ತೋಲೆ ಬಂತು. ಇನ್ನು ಮುಂದೆ ಔಷಧಿ ಖರ್ಚನ್ನು ಕಾರ್ಖಾನೆ ನೇರವಾಗಿ ಕೊಡುವುದಿಲ್ಲ, ಒಂದು ವಿಮಾ ಕಂಪನಿಗೆ ವಹಿಸಿಕೊಟ್ಟಿದೆ, ಇಂದಿನಿಂದಲೇ ಜಾರಿ ಎಂದಿತ್ತು. ಮೊದಲ ಮುನ್ನೂರು ರೂಪಾಯಿ ಕೆಲಸಗಾರನದು. ವರ್ಷ ಎಂದರೆ ಜುಲೈಯಿಂದ ಜೂನ್. ಹಳದಿ ಕಾರ್ಡು ರದ್ದು, ನೀಲಿ ಕಾರ್ಡು ಬರುತ್ತದೆ. ಇದಿಷ್ಟನ್ನು ನಾನು ಕನ್ನಡಕ್ಕೆ ತಂದು ಬೋರ್ಡಿಗೆ ಅಂಟಿಸಬೇಕಿತ್ತು.

ಜನವರಿಯಿಂದ ಜೂನ್‌ವರೆಗೆ ಜನ ಕೈಯಿಂದ ಹಾಕಿದ ದುಡ್ಡಿನ ಗತಿ ಏನು? ಇದನ್ನು ಸುತ್ತೋಲೆಯಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಮ್ಯಾನೇಜರ ಕೋಣೆಗೆ ಹೋಗಿ ಕೇಳಿದೆ. ಅವರು ಕನ್ನಡಕ ಏರಿಸಿ ಒಂದು ಸಲ, ಇಳಿಸಿ ಒಂದು ಸಲ ಓದಿ, "ದಾಟಿದ್ದು ದಾಟಿದಂಗೇ ಅಲ್ವೇನಮ್ಮ. ಮನುಷ್ಯ ಅವನೇ, ಕಾಯಿಲೆ ಅದೇ, ಕೊಡೋರು ಮಾತ್ರ ಬೇರೆ" ಎಂದರು. ಸರಿಯೆನ್ನಿಸಿತು. ಹೊರಗೆ ಬಂದರೆ ನಮ್ಮ ಕ್ಯಾಷಿಯರು, "ಇನ್ನೂರು ಆಗ್ಲೇ ಆಗಿದೆ, ಮೇಲಿನ ನೂರು ಕೊಟ್ರೆ ಸಾಕು" ಎಂದರು. ಅದೂ ಸರಿಯೆನ್ನಿಸಿತು. ಬೆಂಗಳೂರಿಗೆ ಕಾಗದ ಬರೆದೆ. ಹದಿನೈದು ದಿನದ ಮೇಲೆ ಒಂದು ಸಾಲಿನ ಉತ್ತರ ಬಂತು: ಸುತ್ತೋಲೆಯನ್ನು ಗಮನಿಸಿ. ಕೋಪ ಬಂದು ಆ ಕಾಗದವನ್ನು ಮುದುರಿ ಬುಟ್ಟಿಗೆ ಹಾಕಿದೆ, ಫೈಲಿಗೆ ಬೇಕಲ್ಲ ಎಂದು ಆಮೇಲೆ ನಾನೇ ಹೆಕ್ಕಿ ಸರಿಮಾಡಿ ಇಟ್ಟೆ.

ರಾತ್ರಿ ನಾನು ಉಳಿದುಕೊಂಡಿದ್ದ ಸೋದರತ್ತೆಯ ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಯೋಚನೆ. ಡಿಸೆಂಬರ್‌ವರೆಗೆ ಎಂದು ಹೇಳಿದ್ದ ವರ್ಷ ಜೂನ್‌ನಲ್ಲೇ ಹೇಗೆ ಮುಗಿಯಿತು? ಅರ್ಧ ವರ್ಷಕ್ಕೆ ಇನ್ನೂರೂ, ಇನ್ನರ್ಧ ವರ್ಷಕ್ಕೆ ಮುನ್ನೂರೂ ಕೊಟ್ಟವನಿಗೆ ವರ್ಷವೊಂದಕ್ಕೆ ಎಷ್ಟಾಯಿತು? "ಸಾರಿಗೆ ಉಪ್ಪು ಕಮ್ಮಿಯೇನೇ?" ಎಂದು ಅತ್ತೆ ಕೇಳಿದರೆ, "ಮುನ್ನೂರು" ಎಂದೆನಂತೆ. ಆ ಮಾತನ್ನು ಅವರು ಬಹಳ ವರ್ಷ ಎಲ್ಲರಿಗೂ ಹೇಳಿ ನಗುತ್ತಿದ್ದರು.

ಕೊನೆಗೆ ವಿಮಾ ಕಂಪನಿಯವರೊಬ್ಬರು ಬೆಂಗಳೂರಿನಿಂದ ರೈಲಿನಲ್ಲಿ ಬಂದರು. ಕಾಫಿ ಕುಡಿದು, ನನ್ನ ಪ್ರಶ್ನೆ ಕೇಳಿ, ಇದೂ ಒಂದು ಪ್ರಶ್ನೆಯೇ ಎಂಬಂತೆ ನೋಡಿದರು. "ಹಳೇದು ನಮಗೆ ಸಂಬಂಧವಿಲ್ಲಮ್ಮ. ಎಲ್ಲರಿಗೂ ಸೊನ್ನೆಯಿಂದ ಶುರು" ಎಂದರು. ಅಂದರೆ ಮ್ಯಾನೇಜರು ಹೇಳಿದ್ದೂ ತಪ್ಪು, ಕ್ಯಾಷಿಯರು ಹೇಳಿದ್ದೂ ತಪ್ಪು. ಆಷಾಢಕ್ಕೆ ಮುಂಚೆ ಗೂಡಿನವರಿಗೆ ನಾನು ಹೇಳಿದ್ದು ಎಲ್ಲಕ್ಕಿಂತ ದೊಡ್ಡ ತಪ್ಪು.

ಶ್ರಾವಣ ಬಂತು. ಗೂಡಿನವರು ಹಳದಿ ಕಾರ್ಡು ಹಿಡಿದು ಬಂದರು. ಅವರ ಕೈಗೆ ನೀಲಿ ಕಾರ್ಡು ಕೊಟ್ಟು ವಿಷಯ ಹೇಳಿದೆ. ಬೈಯಲಿ ಎಂದು ಕಾದೆ. ಬೈಯಲಿಲ್ಲ. ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದ್ರಾಗೆ ಏನೂ ಬರ್ದಿಲ್ಲ" ಎಂದರು.

"ಹೊಸದಲ್ವಾ. ಮೊದಲ ಮುನ್ನೂರು ನಿಮ್ಮ ಕೈಯಿಂದ ಹೋಗ್ಬೇಕು. ಆಮೇಲಿನದು ಅವ್ರು ಕೊಡ್ತಾರೆ" ಎಂದೆ. ನಾನು ಹೇಳಿದ್ದು ಅಷ್ಟೇ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ಅಂಗಾದ್ರೆ ಮೊದ್ಲು ಇದು ತುಂಬ್ಲಿ" ಎಂದು ಕಾರ್ಡನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೊರಟರು. ಆ ಮಾತನ್ನು ನಾನು ಕೇಳಿಸಿಕೊಂಡೆ, ಆದರೆ ಅದರ ಅರ್ಥ ನನ್ನ ತಲೆಗೆ ಹೋಗಲಿಲ್ಲ. ಹಿಂದೆ ಇನ್ನೂ ಎಂಟು ಜನ ನಿಂತಿದ್ದರು.

ಆಗಸ್ಟಿನಿಂದ ಅವರ ಬಿಲ್ಲುಗಳು ಬರತೊಡಗಿದವು. ಶಕ್ತಿ ಟಾನಿಕ್ಕು, ಜೀರ್ಣಕ್ಕೆ ಟಾನಿಕ್ಕು, ವಿಟಮಿನ್ ಗುಳಿಗೆ, ಕೆಮ್ಮಿನ ಔಷಧಿ. ವಾರಕ್ಕೊಂದು, ಕೆಲವು ಸಲ ಎರಡು. ಎಲ್ಲವೂ ಹೆಂಡತಿಯ ಹೆಸರಿಗೆ, ಎಲ್ಲದಕ್ಕೂ ಮಾಲೂರಿನ ಒಬ್ಬ ಡಾಕ್ಟರ ಚೀಟಿ. ಒಂದೊಂದನ್ನೂ ನಾನು ಬರೆದುಕೊಂಡೆ. ಅರವತ್ತಾಯಿತು, ನೂರಾಯಿತು. ಒಂದು ದಿನ, "ಏನ್ರೀ, ಟಾನಿಕ್ ಅಂಗಡಿ ಇಡೋ ಯೋಚ್ನೆ ಇದೆಯಾ?" ಎಂದು ತಮಾಷೆ ಮಾಡಿದೆ. ಅವರು ನಕ್ಕು, "ಇಂಕಾ ಎಷ್ಟುಂಟಮ್ಮಾ ತುಂಬೋಕೆ?" ಎಂದರು. ಕೂಡಿಸಿ ನೋಡಿ, ಇನ್ನೂ ನೂರೆಂಬತ್ತಿದೆ ಎಂದೆ. ಆ ತಮಾಷೆಯನ್ನು ನೆನೆದರೆ ಇಂದಿಗೂ ನನಗೆ ನಾಚಿಕೆಯಾಗುತ್ತದೆ.

ಆಪರೇಷನ್ ಏನಾಯಿತು ಎಂದು ನಾನು ಕೇಳಲಿಲ್ಲವೇ? ಕೇಳಿದೆ, ದಸರೆಯ ಹೊತ್ತಿಗೆ. "ಆಗ್ಬೇಕಮ್ಮಾ, ಟೈಮ್ ಬರ್ಲಿ" ಎಂದರು. ಮತ್ತೆ ಯಾವುದೋ ಮಾಸವಿರಬೇಕು, ಇಲ್ಲವೆ ಆ ಹೆಣ್ಣುಮಗಳಿಗೆ ಹೆದರಿಕೆಯಿರಬೇಕು ಎಂದುಕೊಂಡೆ. ಹೆಂಗಸರ ವಿಷಯ, ಕೆದಕುವುದು ಬೇಡ ಎಂದು ಸುಮ್ಮನಾದೆ.

ಜನವರಿಯ ಮೊದಲ ವಾರ ಅವರ ಕಾರ್ಡು ಮುನ್ನೂರು ಮುಟ್ಟಿತು. ಮೊಹರು ಒತ್ತಿ ಕೊಟ್ಟೆ. ಅವರು ಅದನ್ನು ಕಣ್ಣಿಗೊತ್ತಿಕೊಂಡರು. ಸಂಕ್ರಾಂತಿ ಕಳೆದ ವಾರ ಕೋಲಾರದಲ್ಲಿ ಆಪರೇಷನ್ ಆಯಿತು. ಗಡ್ಡೆ ಬಹಳ ಬೆಳೆದಿತ್ತಂತೆ, ರಕ್ತ ನಿಲ್ಲಲಿಲ್ಲವಂತೆ. ಗರ್ಭಕೋಶವನ್ನೇ ತೆಗೆದುಬಿಟ್ಟರು.

ಬಿಲ್ಲು ನನ್ನ ಮೇಜಿಗೆ ಬಂತು. ಸಾವಿರದ ನೂರು ರೂಪಾಯಿ. ಕಾರ್ಡಿಗೆ ಮೊಹರಿದೆ, ಪೂರ್ತಿ ವಿಮಾ ಕಂಪನಿಯದು. ಅರ್ಜಿ ತುಂಬುತ್ತಾ ಇದ್ದ ಹಾಗೇ ಸುಮ್ಮನೆ ಒಂದು ಲೆಕ್ಕ ಹಾಕಿದೆ. ಇದೇ ಆಪರೇಷನ್ ಶ್ರಾವಣದಲ್ಲೇ ಆಗಿದ್ದರೆ, ಕಾರ್ಡು ಖಾಲಿಯಿದ್ದರೂ, ಈ ಬಿಲ್ಲಿನಲ್ಲೇ ಮೊದಲ ಮುನ್ನೂರನ್ನು ಕಳೆದು ಮಿಕ್ಕ ಎಂಟುನೂರು ಬರುತ್ತಿತ್ತು. ಅವರ ಕೈಯಿಂದ ಹೋಗುತ್ತಿದ್ದದ್ದು ಮುನ್ನೂರು. ಟಾನಿಕ್ಕಿಗೆ ಹೋಗಿದ್ದೂ ಅದೇ ಮುನ್ನೂರು.

ಪೆನ್ನು ಕೆಳಗಿಟ್ಟೆ. ನನ್ನ ಲೆಕ್ಕದಲ್ಲೇ ಎಲ್ಲೋ ತಪ್ಪಿರಬೇಕು, ಇಷ್ಟು ಸುಲಭವಿರಲಾರದು ಎನ್ನಿಸಿತು. ವಿಮಾ ಕಂಪನಿಯವರಿಗೆ ಟ್ರಂಕ್ ಕಾಲ್ ಮಾಡಿ ಕೇಳಿದೆ. "ಹೌದಮ್ಮ, ಒಂದೇ ಬಿಲ್ಲಾದರೂ ಸರಿ, ಹತ್ತು ಬಿಲ್ಲಾದರೂ ಸರಿ. ಅದರಲ್ಲೇನು ವಿಶೇಷ?" ಎಂದರು ಅವರು. ಮೊಹರು ಬಿದ್ದ ಮೇಲೇ ಆಸ್ಪತ್ರೆ, ಅದಕ್ಕೆ ಮುಂಚೆ ಹೋದರೆ ಪೂರ್ತಿ ಬಿಲ್ಲು ತಲೆಯ ಮೇಲೆ ಎಂದು ಕೆಲಸಗಾರರೆಲ್ಲ ನಂಬಿದ್ದರು. ಹಾಗೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಕೆಂಪು ಮೊಹರನ್ನು ನೋಡಿ ನೋಡಿ ತಾವೇ ಹಾಗೆ ತಿಳಿದುಕೊಂಡಿದ್ದರು. ಹಾಗಲ್ಲ ಎಂದು ಹೇಳಬೇಕಾದವಳು ಕಿಟಕಿಯ ಈಚೆ ಕೂತಿದ್ದಳು, ಐದು ತಿಂಗಳು ಟಾನಿಕ್ಕಿನ ಬಿಲ್ಲು ಕೂಡಿಸುತ್ತಾ.

ಭಾನುವಾರ ಅವರ ಮನೆ ಹುಡುಕಿಕೊಂಡು ಹೋದೆ. ರೈಲ್ವೆ ಗೇಟಿನ ಆಚೆ, ಇಟ್ಟಿಗೆ ಗೂಡುಗಳ ಸಾಲಿನ ಹಿಂದೆ ಎರಡು ಕೋಣೆಯ ಮನೆ. ಗೂಡಿನ ಬೆಂಕಿಗೆ ಭಾನುವಾರವಿಲ್ಲ, ಗೂಡಿನವರು ಕೆಲಸಕ್ಕೆ ಹೋಗಿದ್ದರು. ಆಕೆ ಗೋಡೆಗೊರಗಿ ಚಾಪೆಯ ಮೇಲೆ ಕೂತಿದ್ದಳು. ಆಕೆಯನ್ನು ನಾನು ನೋಡಿದ್ದು ಅದೇ ಮೊದಲು. ಹೆಚ್ಚುಕಡಿಮೆ ನನ್ನದೇ ವಯಸ್ಸು. ಕಿಟಕಿಯಲ್ಲಿ ಟಾನಿಕ್ಕಿನ ಖಾಲಿ ಬಾಟಲಿಗಳನ್ನು ತೊಳೆದು ಸಾಲಾಗಿ ಇಟ್ಟಿದ್ದಳು, ಕೆಲವುಗಳಲ್ಲಿ ಎಣ್ಣೆ, ಕೆಲವುಗಳಲ್ಲಿ ಸೀಮೆಎಣ್ಣೆ. ನಾನು ಮುಳಬಾಗಿಲಿನವಳು ಎಂದು ತಿಳಿದು ಕುರುಡುಮಲೆ ಗಣಪತಿಗೆ ತಾವು ಹರಕೆ ಹೊತ್ತದ್ದನ್ನು ಹೇಳಿದಳು. ಮಗುವಾದರೆ ಅಲ್ಲಿಗೆ ಬರುತ್ತೇವೆಂದು ಹೊತ್ತಿದ್ದರಂತೆ.

ನನಗೆ ತಡೆದುಕೊಳ್ಳಲು ಆಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಕಾರ್ಡು ತುಂಬಬೇಕಾಗಿರಲಿಲ್ಲ, ಶ್ರಾವಣದಲ್ಲೇ ಹೋಗಬಹುದಿತ್ತು, ಖರ್ಚು ಒಂದು ರೂಪಾಯಿಯೂ ಹೆಚ್ಚಾಗುತ್ತಿರಲಿಲ್ಲ, ನಾನು ಬಿಡಿಸಿ ಹೇಳಬೇಕಿತ್ತು, ಹೇಳಲಿಲ್ಲ. ಹೇಳುತ್ತಾ ಅತ್ತುಬಿಟ್ಟೆ. ಆಕೆ ಅಳಲಿಲ್ಲ. ಅರ್ಥವಾಯಿತೋ ಇಲ್ಲವೋ ಎಂದು ನಾನು ಇನ್ನೊಂದು ಸಲ ಶುರುಮಾಡಿದಾಗ ಕೈಯೆತ್ತಿ ತಡೆದಳು.

"ಅರ್ಥ ಆಯ್ತಕ್ಕಾ" ಎಂದಳು. "ಶ್ರಾವಣದಾಗೆ ಹೋಗಿದ್ರೆ ಉಳೀತಿತ್ತಾ ಅಂತ ಡಾಕ್ಟ್ರಮ್ಮನ್ನ ನಾನೂ ಕೇಳ್ದೆ. ಹೇಳೋಕಾಗಲ್ಲ ಅಂದ್ರು" ಎಂದಳು. ಆಮೇಲೆ ಕೇಳಿದಳು, "ಇದು ನಮ್ಮನೆಯವ್ರಿಗೆ ಗೊತ್ತಾ?"

ಇಲ್ಲ ಎಂದೆ.

"ಹೇಳ್ಬೇಡಕ್ಕಾ. ಆ ಟಾನಿಕ್ಕೆಲ್ಲಾ ಕೂಲಿ ಮಿಗಿಸಿ ತಂದೋರು ಅವ್ರೇ. ನೋವು ಜಾಸ್ತಿ ಆದಾಗೆಲ್ಲ, ಇನ್ನು ಎಂಬತ್ತೇ ಐತೆ, ಇನ್ನು ನಲವತ್ತೇ ಐತೆ ಅಂತ ಧೈರ್ಯ ಹೇಳೋರು. ಗೊತ್ತಾದ್ರೆ ಆ ಮನುಷ್ಯ ಬದುಕಿರಲ್ಲ."

ಆಕೆಯ ಕೈಹಿಡಿದು ಮಾತು ಕೊಟ್ಟೆ.

ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಮೊದಲು ಕಷ್ಟವೆನ್ನಿಸಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಗೂಡಿನವರು ತಿಂಗಳಿಗೊಮ್ಮೆ ಬರುತ್ತಿದ್ದರು, ಆಕೆಯ ಗುಳಿಗೆಯ ಬಿಲ್ಲು ಕೊಟ್ಟು ದುಡ್ಡು ತೆಗೆದುಕೊಂಡು ಹೋಗುತ್ತಿದ್ದರು. ಮಾವಿನ ಕಾಲದಲ್ಲಿ ಊರಿಂದ ಒಂದು ಬುಟ್ಟಿ ಹಣ್ಣು ತಂದುಕೊಟ್ಟು, "ನೀವು ಸರಿಯಾಗಿ ದಾರಿ ತೋರಿಸಿದ್ರಿ. ಇಲ್ಲಾಂದ್ರೆ ಸಾವಿರದ ನೂರೂ ನಮ್ಮ ತಲೆ ಮೇಲೇ ಬೀಳ್ತಿತ್ತು" ಎಂದರು. ಬೇಡವೆನ್ನಲು ಕಾರಣ ಹೇಳಬೇಕಾಗುತ್ತಿತ್ತು, ತೆಗೆದುಕೊಂಡೆ. ಮನೆಯಲ್ಲಿ ಅತ್ತೆ ಹಣ್ಣು ಬಹಳ ಸಿಹಿಯೆಂದರು. ನಾನು ಒಂದನ್ನೂ ಮುಟ್ಟಲಿಲ್ಲ.

ಆದರೆ ಗೂಡಿನವರು ತಮ್ಮ ಅನುಭವವನ್ನು ಉಳಿದವರಿಗೂ ಹೇಳಿಕೊಡತೊಡಗಿದ್ದರು. ಮಾತೇ ಆಡದ ಮನುಷ್ಯ ಈ ಒಂದು ವಿಷಯದಲ್ಲಿ ಮಾತ್ರ ಕಾರ್ಖಾನೆಗೆಲ್ಲ ಮೇಷ್ಟರಾಗಿಬಿಟ್ಟರು. ಇದು ನನಗೆ ಗೊತ್ತಾಗಿದ್ದು ಜುಲೈಯಲ್ಲಿ, ಎಲ್ಲರ ಕಾರ್ಡೂ ಮತ್ತೆ ಖಾಲಿಯಾಗಿ ಹೊಸದು ಹಂಚುವ ದಿನ.

ಕಿಟಕಿಯ ಮುಂದೆ ಉದ್ದದ ಸಾಲಿತ್ತು. ಹೆಂಚಿನ ಅಚ್ಚು ಒತ್ತುವ ವಿಭಾಗದವನೊಬ್ಬ ಹೊಸ ಕಾರ್ಡು ತೆಗೆದುಕೊಂಡ ಕೂಡಲೇ ಮೂರು ಟಾನಿಕ್ಕಿನ ಬಿಲ್ಲು ಮುಂದಿಟ್ಟ. ಎಂಟು ವರ್ಷದ ಮಗಳಿಗೆ ಕಿವಿಯಲ್ಲಿ ಕೀವು, ಬೇಗ ಆಪರೇಷನ್ ಮಾಡಿಸದಿದ್ದರೆ ಕಿವಿಯೇ ಹೋಗುತ್ತದೆ ಎಂದಿದ್ದಾರೆ ಎಂದ.

"ಮತ್ತೆ ಇದ್ಯಾಕೆ?" ಎಂದೆ.

"ಗೂಡಿನಣ್ಣ ಹೇಳ್ಕೊಟ್ಟ. ಮೊದ್ಲು ಹೊಸ್ಲು ತುಂಬಿಸ್ಕೋ, ಆಮೇಲೆ ಕೋಲಾರಕ್ಕೆ ಹೋಗು ಅಂತ."

ಗೂಡಿನವರು ಅದೇ ಸಾಲಿನಲ್ಲಿ, ಅವನ ಹಿಂದೆ ಮೂರನೆಯವರಾಗಿ ನಿಂತಿದ್ದರು. ಹೌದೆಂದು ತಲೆಯಾಡಿಸಿದರು. ಆ ಮುಖದಲ್ಲಿ ಒಂದು ತೃಪ್ತಿಯಿತ್ತು. ಅವನನ್ನು ಒಳಗೆ ಕರೆದು ಗುಟ್ಟಾಗಿ ಹೇಳೋಣವೆಂದುಕೊಂಡೆ, ಆದರೆ ಹೊರಗೆ ಹೋದ ತಕ್ಷಣ ಅವನು ಗೂಡಿನವರಿಗೆ ಹೇಳದೆ ಇರುತ್ತಾನೆಯೇ? ನಾಳೆ ಹೇಳೋಣವೆಂದುಕೊಂಡೆ, ಆದರೆ ತಡಮಾಡಿದ್ದರ ಫಲ ನೋಡಿದ್ದೆ. ಆಕೆಗೆ ಕೊಟ್ಟ ಮಾತು ಒಂದು ಕಡೆ, ನಾನು ನೋಡದ ಆ ಮಗು ಒಂದು ಕಡೆ. ಬಿಲ್ಲುಗಳನ್ನು ಅವನ ಕಡೆಗೆ ತಳ್ಳಿದೆ.

"ಏನೂ ತುಂಬಿಸ್ಬೇಡಪ್ಪ. ನಾಳೇನೇ ಆಪರೇಷನ್ ಮಾಡ್ಸು. ಆ ಬಿಲ್ಲಿನಲ್ಲೇ ಮೊದಲ ಮುನ್ನೂರು ನಿಂದು, ಮಿಕ್ಕಿದ್ದು ಅವ್ರದು."

"ಕಾರ್ಡು ಖಾಲಿ ಇದ್ರೂನಾ?"

"ಖಾಲಿ ಇದ್ರೂ."

ಅವನು ನಂಬಲಿಲ್ಲ. ಎರಡು ಸಲ ಹೇಳಿಸಿಕೊಂಡು, ಬಿಲ್ಲುಗಳನ್ನು ಮಡಚಿಕೊಂಡು ಹೋದ. ಮಧ್ಯದ ಇಬ್ಬರೂ ಕಾರ್ಡು ತೆಗೆದುಕೊಂಡು ಹೋದರು. ಗೂಡಿನವರು ಕಿಟಕಿಗೆ ಬಂದರು. ಕಾರ್ಡಿಗೆ ಕೈಚಾಚಲಿಲ್ಲ.

"ಅಮ್ಮಾ, ಇದು ಮೊದ್ಲಿಂದ್ಲೂ ಅಂಗೇನಾ?"

ನಾನು ತಲೆಯೆತ್ತಿ ಅವರ ಮುಖ ನೋಡಿದೆ. "ಇಲ್ಲ, ಮೊದಲು ಹಂಗಿರ್ಲಿಲ್ಲ. ಈ ಜುಲೈಯಿಂದ ಬದಲಾಗಿದೆ" ಎಂದೆ. ಮೇಜಿನ ಮೇಲೆ ಬೆಂಗಳೂರಿನಿಂದ ಬಂದ ಯಾವುದೋ ಕಾಗದವಿತ್ತು, ರಜೆಯ ವಿಷಯದ್ದು. ಅದನ್ನೇ ಎತ್ತಿ ತೋರಿಸಿದೆ. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ ಆ ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಅಂಗಾದ್ರೆ ನಮ್ದು ಆರು ತಿಂಗ್ಳು ಮುಂಚೆ ಆಗೋಯ್ತು" ಎಂದರು.

ಹೌದು ಎಂದೆ.